ಅಂಕಿತ ಅಳಿಸಿದ ಹಾಡು: ಕೃತಿಚೌರ್ಯದ ಬಗ್ಗೆ ಒಂದು ಚಿಂತನೆ

|| ಶ್ರೀ ಗುರುಭ್ಯೋ ನಮಃ ||



ಪ್ರತಿ ಸಲ ಒಂದು ದಾಸರ ಪದ ತೆಗೆದುಕೊಂಡು ಅದರ ಅರ್ಥ, ರಾಗ, ತಾಳ ಅಂತ ನೋಡುತ್ತಾ ಬಂದಿದ್ದೇವೆ. ಈ ಸಲ ಪದ ಬೇಡ. ಪದದ ಕೊನೆಯಲ್ಲಿ ಬರುವ ಒಂದು ಪುಟ್ಟ ಗುರುತು, ಅಂದರೆ ಅಂಕಿತ, ಅದನ್ನು ಹಿಡಿದುಕೊಂಡು ಬೇರೊಂದು ವಿಷಯಕ್ಕೆ ಹೋಗೋಣ. ನಮ್ಮ ಮಕ್ಕಳೆಲ್ಲ ಕಾಲೇಜಿಗೆ ಹೋಗುವ ವಯಸ್ಸಿಗೆ ಬಂದಿದ್ದಾರೆ. ಅಲ್ಲಿ ಮೊದಲ ವಾರದಲ್ಲೇ ಕೇಳಿಬರುವ ಒಂದು ಶಬ್ದ "ಪ್ಲೇಜಿಯರಿಸಂ". ಕನ್ನಡದಲ್ಲಿ ಕೃತಿಚೌರ್ಯ. ಇದು ಬರೀ ಕಾಲೇಜಿನ ಒಂದು ನಿಯಮವೋ, ಅಥವಾ ಧರ್ಮದ ಪ್ರಶ್ನೆಯೋ? ಯೋಚನೆ ಮಾಡಿದಷ್ಟೂ ನನಗೆ ಇದು ಎರಡನೆಯದೇ ಅನ್ನಿಸಿದೆ. ಅದಕ್ಕೇ ಈ ಬರಹ.

ಅಂಕಿತ ಏನು ಹೇಳುತ್ತದೆ?

ನಮಗೆಲ್ಲ ಗೊತ್ತಿರುವ ಹಾಗೆ ಶ್ರೀಪಾದರಾಜರಿಗೆ ರಂಗವಿಠಲ, ವಾದಿರಾಜರಿಗೆ ಹಯವದನ, ಪುರಂದರದಾಸರಿಗೆ ಪುರಂದರವಿಠಲ, ಕನಕದಾಸರಿಗೆ ಕಾಗಿನೆಲೆಯಾದಿಕೇಶವ, ಹೆಳವನಕಟ್ಟೆ ಗಿರಿಯಮ್ಮನವರಿಗೆ ಹೆಳವನಕಟ್ಟೆ ರಂಗ. ವ್ಯಾಸರಾಜರು ಪುರಂದರದಾಸರಿಗೆ ಅಂಕಿತ ಕೊಟ್ಟರು ಅಂತ ಸಂಪ್ರದಾಯ ಹೇಳುತ್ತದೆ. ಅಂಕಿತವನ್ನು ಮನಸ್ಸಿಗೆ ಬಂದ ಹಾಗೆ ಇಟ್ಟುಕೊಳ್ಳುವುದಿಲ್ಲ. ಗುರುಗಳಿಂದ ಪಡೆಯುತ್ತಾರೆ.

ಇದರಲ್ಲಿ ಒಂದು ಸೂಕ್ಷ್ಮ ನೋಡಿ. ಅಂಕಿತ ಕವಿಯ ಸ್ವಂತ ಹೆಸರಲ್ಲ, ದೇವರ ಹೆಸರು. "ನಾನು ಬರೆದೆ" ಅನ್ನುವ ಅಹಂಕಾರಕ್ಕೆ ಅಲ್ಲಿ ಜಾಗ ಇಲ್ಲ. ಆದರೂ ಆ ಹೆಸರು ಕೇಳಿದ ಕೂಡಲೇ ಇದು ಯಾರ ಪದ ಅಂತ ಗೊತ್ತಾಗಿಬಿಡುತ್ತದೆ. ಅಂದರೆ ಕೀರ್ತಿ ದೇವರಿಗೆ, ಜವಾಬ್ದಾರಿ ಕವಿಗೆ. ಈ ಮಾತಿಗೆ ನಾನು ಹೊಣೆ, ತಪ್ಪಿದ್ದರೆ ನನ್ನನ್ನು ಕೇಳಿ ಅಂತ ಒಪ್ಪಿಕೊಂಡ ಹಾಗೆ.

ಅಂಕಿತ ಬಿಟ್ಟುಹೋದರೆ ಏನಾಗುತ್ತದೆ ಅನ್ನುವುದಕ್ಕೆ ಬಹಳ ದೂರ ಹೋಗಬೇಕಿಲ್ಲ. "ಕೃಷ್ಣಾ ನೀ ಬೇಗನೆ ಬಾರೋ" ಯಾರದ್ದು ಅಂತ ಹತ್ತು ಜನರನ್ನು ಕೇಳಿ ನೋಡಿ. ಎಷ್ಟೋ ಜನ ಪುರಂದರದಾಸರದ್ದು ಅಂತಲೇ ಹೇಳುತ್ತಾರೆ. ಅದು ವ್ಯಾಸರಾಜರ ಕೃತಿ. ಕೊನೆಯ ಚರಣದಲ್ಲಿ ಅವರ ಶ್ರೀಕೃಷ್ಣ ಅಂಕಿತ ಸ್ಪಷ್ಟವಾಗಿ ಇದೆ. ಗುರುಗಳ ಪದ ಶಿಷ್ಯರ ಖಾತೆಗೆ ಹೋಗಿಬಿಟ್ಟಿದೆ! ಯಾರೂ ಬೇಕು ಅಂತ ಮಾಡಿದ್ದಲ್ಲ. ಸಮಯ ಇಲ್ಲ ಅಂತ ಕೊನೆಯ ಚರಣ ಬಿಟ್ಟು ಹಾಡುತ್ತೇವೆ, ಹೆಸರು ಹೇಳದೆ ವಾಟ್ಸಾಪಿನಲ್ಲಿ ಕಳಿಸುತ್ತೇವೆ, ಅಷ್ಟೇ. ಮರೆವಿನಿಂದಲೇ ಇಷ್ಟಾದರೆ, ಬೇಕೆಂದೇ ಒಬ್ಬರ ಹೆಸರು ಅಳಿಸಿ ಇನ್ನೊಬ್ಬರ ಹೆಸರು ಹಾಕಿದರೆ?

ಎರಡು ಪ್ರಶ್ನೆಗಳು

ನಮ್ಮ ಬಳಗದ ಒಬ್ಬ ತಾಯಿ ಫೋನ್ ಮಾಡಿದ್ದರು. ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿರುವ ಮಗಳು ಹರಿದಾಸರ ಮೇಲೆ ಒಂದು ಪ್ರಬಂಧ ಬರೆದಳು. ವಿಷಯ ಆರಿಸಿಕೊಂಡದ್ದು ಪ್ರೀತಿಯಿಂದಲೇ. ಆದರೆ ಅದರಲ್ಲಿ ನಾಲ್ಕೈದು ವಾಕ್ಯ ಯಾವುದೋ ಪುಸ್ತಕದಿಂದ ಹಾಗೇ ಇಳಿದಿತ್ತು, ಇನ್ನೊಂದಿಷ್ಟು ಅಲ್ಲಲ್ಲಿ ಶಬ್ದ ಬದಲಾಗಿ ಬಂದಿತ್ತು. ವಿಚಾರಣೆ ಆಯಿತು. ಆ ಪ್ರಬಂಧಕ್ಕೆ ಸೊನ್ನೆ. ಮತ್ತೊಮ್ಮೆ ಹೀಗಾದರೆ ಕಾಲೇಜಿನಿಂದಲೇ ಹೊರಗೆ ಅಂತ ಎಚ್ಚರಿಕೆಯ ಪತ್ರ ಬಂತು. ಹುಡುಗಿ ಊಟ ಬಿಟ್ಟು ಕೂತಿದ್ದಳು.

ತಾಯಿ ಕೇಳಿದರು: "ಅಕ್ಕಾ, ದೇವರ ವಿಷಯ ಎಲ್ಲರದ್ದೂ ಅಲ್ವಾ? ಜ್ಞಾನ ಯಾರಪ್ಪನ ಆಸ್ತಿ? ಇದರಲ್ಲಿ ಕಳ್ಳತನ ಎಲ್ಲಿ ಬಂತು?"

ಮಗಳು ಕೇಳಿದಳು: "ಆಂಟಿ, ನಿಮ್ಮ ಹತ್ರ ಕಲಿಸಿದ್ದನ್ನ ಹಾಗೇ ಒಪ್ಪಿಸಿದ್ರೆ ಶಭಾಷ್ ಅಂತೀರಿ. ಇಲ್ಲಿ ಪುಸ್ತಕದಲ್ಲಿ ಇದ್ದಿದ್ದನ್ನ ಹಾಗೇ ಬರೆದ್ರೆ ಕಳ್ಳಿ ಅಂತಾರೆ. ಯಾವುದು ಸರಿ?"

ಎರಡೂ ಹುಡುಗಾಟದ ಪ್ರಶ್ನೆ ಅಲ್ಲ. ಒಂದೊಂದಾಗಿ ನೋಡೋಣ.

ಎಲ್ಲ ಹರಿಯದೇ ಅಂದಮೇಲೆ?

ಎಲ್ಲವೂ ಹರಿಯದೇ, ನಿಜ. ಆದರೆ ಆ ಮಾತನ್ನು ಪೂರ್ತಿ ಹೇಳಬೇಕು, ಅರ್ಧ ಹೇಳಬಾರದು. ಪ್ರಬಂಧದ ಮೇಲ್ಗಡೆ ಹೆಸರು ಬರೆಯುವ ಜಾಗದಲ್ಲಿ ನಾವು "ಶ್ರೀಹರಿ" ಅಂತ ಬರೆಯುವುದಿಲ್ಲ, ನಮ್ಮ ಹೆಸರು ಬರೆಯುತ್ತೇವೆ. ಅಂಕವೂ ಪದವಿಯೂ ಬರುವುದು ನಮ್ಮ ಹೆಸರಿಗೆ. ತೆಗೆದುಕೊಳ್ಳುವಾಗ "ಎಲ್ಲ ದೇವರದ್ದು", ಲಾಭ ಬರುವಾಗ "ನನ್ನದು". ಇದು ವೈರಾಗ್ಯ ಅಲ್ಲ, ಅನುಕೂಲ.

ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರ ನೆನಪಿಸಿಕೊಳ್ಳಿ. ಜಗತ್ತೆಲ್ಲ ಈಶನಿಂದ ವ್ಯಾಪ್ತವಾಗಿದೆ ಅನ್ನುವ ಅದೇ ಮಂತ್ರ ಮುಗಿಯುವುದು ಪರರ ಧನಕ್ಕೆ ಆಸೆಪಡಬೇಡ ಅನ್ನುವ ಮಾತಿನಿಂದ. ಎರಡೂ ಒಂದೇ ಉಸಿರಿನಲ್ಲಿ! ಎಲ್ಲ ದೇವರದ್ದು ಅನ್ನುವ ಅರಿವು ಕಸಿದುಕೊಳ್ಳುವುದಕ್ಕೆ ಪರವಾನಗಿ ಅಲ್ಲ, ಕೈ ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಕಾರಣ.

ಇನ್ನು ನಮ್ಮ ಆಚಾರ್ಯ ಮಧ್ವರ ಸಿದ್ಧಾಂತ. ಜೀವ ಸ್ವತಂತ್ರ ಕರ್ತೃ ಅಲ್ಲ, ಭಗವಂತನ ಅಧೀನ. ಆದರೆ ಕರ್ತೃವೇ ಅಲ್ಲ ಅಂತ ಅವರು ಹೇಳಲಿಲ್ಲ. ಜೀವನಿಗೆ ಕರ್ತೃತ್ವವೇ ಇಲ್ಲದಿದ್ದರೆ ಶಾಸ್ತ್ರದ ವಿಧಿ ನಿಷೇಧಗಳಿಗೆ ಅರ್ಥವೇ ಇರುವುದಿಲ್ಲ. ಪಂಚಭೇದದಲ್ಲಿ ಜೀವ ಜೀವರ ನಡುವಿನ ಭೇದವೂ ಒಂದು, ಅದು ಸತ್ಯ. ಹಾಗಾದರೆ ಒಬ್ಬರು ವರ್ಷಗಟ್ಟಲೆ ಓಲೆಗರಿ ತಿರುವಿ, ಪಾಠಾಂತರ ಹೋಲಿಸಿ ಕಂಡುಕೊಂಡ ಮಾತು ಅವರ ಸಾಧನೆ. ನಾನು ಹತ್ತು ನಿಮಿಷದಲ್ಲಿ ಓದಿದ್ದು ನನ್ನ ಓದು. ಈ ಎರಡರ ವ್ಯತ್ಯಾಸವನ್ನು ಅಳಿಸಿಹಾಕುವುದು ತತ್ತ್ವಕ್ಕೂ ಒಪ್ಪುವ ಕೆಲಸ ಅಲ್ಲ.

"ಜ್ಞಾನ ಕದ್ದರೆ ಕಡಿಮೆ ಆಗಲ್ಲವಲ್ಲ" ಅಂತ ಇನ್ನೊಂದು ವಾದ ಇದೆ. ಸರಿ, ಬಂಗಾರದ ಬಳೆ ಕದ್ದರೆ ಒಡೆಯನ ಕೈ ಬರಿದಾಗುತ್ತದೆ, ವಾಕ್ಯ ಕದ್ದರೆ ಪುಸ್ತಕದ ಪುಟ ಬರಿದಾಗುವುದಿಲ್ಲ. ಹಾಗಾದರೆ ಕಳೆದುಹೋಗುವುದು ಏನು? ಮೂರು ಕಳೆದುಹೋಗುತ್ತವೆ. ಒಂದು, ದುಡಿದವರಿಗೆ ಸಲ್ಲಬೇಕಾದ ಮರ್ಯಾದೆ. ಎರಡು, ಓದುವವರ ದಾರಿ. ಈ ಮಾತು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ ಪರೀಕ್ಷಿಸುವ ಹಾದಿಯೇ ಮುಚ್ಚಿಹೋಗುತ್ತದೆ. ಮೂಲದಲ್ಲಿ ತಪ್ಪಿದ್ದರೆ ಆ ತಪ್ಪು ತಾಯಿ ಬೇರಿಲ್ಲದ ಬಳ್ಳಿಯ ಹಾಗೆ ಹಬ್ಬುತ್ತಲೇ ಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡ ನಷ್ಟ: ಬರೆದವನ ಸ್ವಂತ ಕಲಿಕೆ. ಪ್ರಬಂಧ ಬರೆಯಿರಿ ಅಂತ ಹೇಳುವುದು ಅಧ್ಯಾಪಕರಿಗೆ ವಿಷಯ ಗೊತ್ತಿಲ್ಲ ಅಂತ ಅಲ್ಲ. ಬರೆಯುತ್ತಾ ಬರೆಯುತ್ತಾ ವಿದ್ಯಾರ್ಥಿಯ ಬುದ್ಧಿ ಹದವಾಗಲಿ ಅಂತ. ನನ್ನ ಬದಲು ಬೇರೆಯವರು ಸಾಧಕ ಮಾಡಿದರೆ ನನ್ನ ಕಂಠ ಕುದುರುತ್ತದೆಯೇ?

ಬಾಯಿಪಾಠವೂ ಕಳ್ಳತನವೂ

ಈಗ ಮಗಳ ಪ್ರಶ್ನೆ. ಸಂಗೀತದ ಪಾಠದಲ್ಲಿ ಗುರು ಹಾಡಿದ್ದನ್ನು ಶಿಷ್ಯೆ ಗಮಕ ಸಮೇತ ಹಾಗೇ ಹಾಡಬೇಕು. ವೇದಪಾಠದಲ್ಲಂತೂ ಒಂದು ಸ್ವರ ತಪ್ಪುವ ಹಾಗಿಲ್ಲ. ಅಲ್ಲಿ ಅನುಕರಣೆಯೇ ವಿದ್ಯೆ. ಆದರೆ ಆ ಕೋಣೆಯಲ್ಲಿ ಯಾರಿಗೂ ಮೋಸ ಆಗುತ್ತಿಲ್ಲ. ಇದು ಗುರುಗಳ ಪಾಠ ಅಂತ ಕೂತವರಿಗೆಲ್ಲ ಗೊತ್ತು. ಒಪ್ಪಿಸುವ ಹುಡುಗಿ "ಇದನ್ನು ನಾನೇ ರಚಿಸಿದೆ" ಅಂತ ಹೇಳುತ್ತಿಲ್ಲ.

ಅದೇ ಹುಡುಗಿ ಪರೀಕ್ಷೆಯಲ್ಲಿ ಕಲ್ಪನಾಸ್ವರ ಹಾಡುವಾಗ ಯಾರೋ ವಿದ್ವಾಂಸರ ರೆಕಾರ್ಡಿಂಗಿನಿಂದ ಬಾಯಿಪಾಠ ಮಾಡಿದ ಸ್ವರಗಳನ್ನು ಹಾಡಿದಳು ಅಂತಿಟ್ಟುಕೊಳ್ಳಿ. ಸ್ವರ ಚೆನ್ನಾಗಿಯೇ ಇರುತ್ತದೆ. ಆದರೆ ಪರೀಕ್ಷಕರು ಕೇಳಿದ್ದು ಅವಳ ಮನೋಧರ್ಮವನ್ನು. ಕೊಟ್ಟದ್ದು ಇನ್ನೊಬ್ಬರ ಮನೋಧರ್ಮ. ಪಾಠ ಒಪ್ಪಿಸುವುದು ಬೇರೆ, ಕಲ್ಪನಾಸ್ವರ ಬೇರೆ. ಕಾಲೇಜಿನ ಪ್ರಬಂಧ ಕಲ್ಪನಾಸ್ವರದ ಜಾತಿಗೆ ಸೇರಿದ್ದು. "ಗುರುತು ಹಾಕದೆ ಇರುವುದೆಲ್ಲ ನನ್ನ ಮಾತು, ನನ್ನ ವಿಚಾರ" ಅನ್ನುವ ಒಂದು ಮಾತುಕೊಡುವಿಕೆ ಅದರ ಮೊದಲ ಪುಟದಲ್ಲೇ ಇದೆ, ಬರೆದಿರಲಿ ಬರೆಯದಿರಲಿ. ಆ ಮಾತು ಮುರಿದಾಗಲೇ ಅನುಕರಣೆ ಕಳ್ಳತನ ಆಗುವುದು.

ನಮ್ಮ ಹಿರಿಯರಿಗೆ ಇದು ಹೊಸದಲ್ಲ

ಇದೆಲ್ಲ ಪಶ್ಚಿಮದವರ ಕಟ್ಟುಪಾಡು ಅಂತ ಕೆಲವರು ಹೇಳುತ್ತಾರೆ. ಪ್ಲೇಜಿಯರಿಸಂ ಶಬ್ದವೇನೋ ಅಲ್ಲಿಯದೇ. ಮೊದಲನೇ ಶತಮಾನದ ರೋಮನ್ ಕವಿ ಮಾರ್ಷಿಯಲ್, ತನ್ನ ಪದ್ಯಗಳನ್ನು ತನ್ನದೆಂದು ಓದುತ್ತಿದ್ದವನನ್ನು "ಪ್ಲಾಗಿಯಾರಿಯುಸ್" ಅಂತ ಕರೆದ. ಲ್ಯಾಟಿನ್ನಿನಲ್ಲಿ ಹಾಗೆಂದರೆ ಮನುಷ್ಯರನ್ನು ಅಪಹರಿಸುವವನು. ಹೆತ್ತ ಮಗುವನ್ನೇ ಎತ್ತಿಕೊಂಡು ಹೋದಷ್ಟು ಸಂಕಟ ಆ ಕವಿಗೆ.

ಆದರೆ ವಿಚಾರ ನಮ್ಮಲ್ಲೂ ಹಳೆಯದೇ. ಏಳನೇ ಶತಮಾನದ ಬಾಣಭಟ್ಟ ಹರ್ಷಚರಿತೆಯ ಪೀಠಿಕೆಯಲ್ಲೇ ಕವಿಚೋರನ ಮಾತು ಎತ್ತುತ್ತಾನೆ. ಅಕ್ಷರಗಳನ್ನು ಬದಲಿಸಿ, ರಚನೆಯ ಗುರುತುಗಳನ್ನು ಮರೆಮಾಡಿದರೂ ಸಜ್ಜನರ ನಡುವೆ ಅಂಥವನು ಸಿಕ್ಕಿಬೀಳುತ್ತಾನೆ ಅನ್ನುವುದು ಅವನ ಮಾತಿನ ತಾತ್ಪರ್ಯ. ಶಬ್ದ ಬದಲಿಸುವುದು, ಗುರುತು ಮುಚ್ಚುವುದು! ಇವತ್ತಿನ ವಿದ್ಯಾರ್ಥಿಗಳು ಮಾಡುವ ಎರಡು ತಪ್ಪೂ ಅದರಲ್ಲೇ ಇವೆ.

ಒಂಬತ್ತನೇ ಶತಮಾನದ ಆನಂದವರ್ಧನ ಧ್ವನ್ಯಾಲೋಕದಲ್ಲಿ ಇಬ್ಬರು ಕವಿಗಳ ನಡುವಿನ ಹೋಲಿಕೆಯನ್ನು ಮೂರು ಬಗೆ ಮಾಡುತ್ತಾನೆ. ಮೊದಲನೆಯದು ಕನ್ನಡಿಯ ಪ್ರತಿಬಿಂಬದ ಹಾಗೆ, ಎರಡನೆಯದು ಒಬ್ಬರನ್ನು ನೋಡಿ ಬರೆದ ಚಿತ್ರದ ಹಾಗೆ, ಮೂರನೆಯದು ನೋಡಲು ಒಂದೇ ತರಹ ಇರುವ ಇಬ್ಬರು ಮನುಷ್ಯರ ಹಾಗೆ. ಮೊದಲ ಎರಡು ಬೇಡ ಅನ್ನುತ್ತಾನೆ. ಮೂರನೆಯದಕ್ಕೆ ದೋಷ ಇಲ್ಲ, ಯಾಕೆಂದರೆ ಆ ಇಬ್ಬರಿಗೂ ಅವರವರದೇ ಜೀವ ಇದೆ. ಅವನ ನಂತರ ಬಂದ ರಾಜಶೇಖರ ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣ ಅಂತ ಬೇರೆ ಬೇರೆ ಅಧ್ಯಾಯಗಳಲ್ಲೇ ಚರ್ಚೆ ಮಾಡಿದ್ದಾನೆ. ಮಾತು ಕದಿಯುವುದು ಬೇರೆ, ವಿಚಾರ ಕದಿಯುವುದು ಬೇರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮರ್ಯಾದೆಯಿಂದ ಪಡೆಯುವುದು ಹೇಗೆ ಅಂತಲೂ ಹಿರಿಯರು ತೋರಿಸಿದ್ದಾರೆ. ಗದುಗಿನ ನಾರಣಪ್ಪ ಮಹಾಭಾರತದ ಕಥೆ ತೆಗೆದುಕೊಂಡ, ತನ್ನನ್ನು ಕುಮಾರವ್ಯಾಸ ಅಂತ ಕರೆದುಕೊಂಡ. ಮೂಲ ಯಾರದ್ದು ಅನ್ನುವುದು ಅವನ ಹೆಸರಿನಲ್ಲೇ ಇದೆ. ಜಗನ್ನಾಥದಾಸರು ಹರಿಕಥಾಮೃತಸಾರದ ಮೊದಲ ಪದ್ಯದಲ್ಲೇ ಇದು ಗುರುಗಳ ಕರುಣೆಯಿಂದ ಹೇಳುತ್ತಿರುವುದು ಅಂತ ಒಪ್ಪಿಕೊಳ್ಳುತ್ತಾರೆ. ಟೀಕೆ ಬರೆಯುವವರು ಮೂಲದ ಮೊದಲ ಶಬ್ದವನ್ನು "ಪ್ರತೀಕ" ಅಂತ ಎತ್ತಿಕೊಂಡು ಆಮೇಲೆ ತಮ್ಮ ವಿವರಣೆ ಕೊಡುತ್ತಾರೆ. ಎಲ್ಲಿ ಮೂಲ, ಎಲ್ಲಿ ಟೀಕೆ ಅನ್ನುವುದರಲ್ಲಿ ಗೊಂದಲ ಇಲ್ಲ. ಇವತ್ತಿನ ಉದ್ಧರಣ ಚಿಹ್ನೆ ಮಾಡುವ ಕೆಲಸವೂ ಅದೇ ಅಲ್ಲವೇ? ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿದರು. ಅವುಗಳನ್ನು "ನೋಟ್ಟುಸ್ವರ" ಅಂತಲೇ ಕರೆಯುತ್ತೇವೆ. ಆ ಹೆಸರೇ ಊರು ಹೇಳಿಬಿಡುತ್ತದೆ.

ಮಕ್ಕಳಿಗೆ ಹೇಗೆ ಹೇಳಿಕೊಡಬೇಕು?

ಆ ಹುಡುಗಿಯ ಜೊತೆ ಕೂತಾಗ ನನಗೆ ಗೊತ್ತಾಗಿದ್ದು, ಪುಸ್ತಕದ ಸಾಲನ್ನು ಹಾಗೇ ಇಳಿಸಬಾರದು ಅನ್ನುವುದು ಮಕ್ಕಳಿಗೆ ಗೊತ್ತು. ಗೊತ್ತಿಲ್ಲದೆ ಎಡವುವುದು ಎರಡನೇ ಮೆಟ್ಟಿಲಲ್ಲಿ, ಅಂದರೆ ಶಬ್ದ ಬದಲಿಸುವುದರಲ್ಲಿ. ಒಂದು ಉದಾಹರಣೆ ನೋಡಿ. ಪುಸ್ತಕದಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ:

"ದಾಸರ ಅಂಕಿತವು ದೇವರ ಹೆಸರಾಗಿದ್ದರೂ ಕವಿಯ ಗುರುತಾಗಿಯೂ ಕೆಲಸ ಮಾಡುತ್ತದೆ."

ವಿದ್ಯಾರ್ಥಿ ಹೀಗೆ ಬರೆದ: "ಹರಿದಾಸರ ಮುದ್ರಿಕೆಯು ಭಗವಂತನ ನಾಮವಾಗಿದ್ದರೂ ರಚನಕಾರನ ಚಿಹ್ನೆಯಾಗಿಯೂ ಕಾರ್ಯ ನಿರ್ವಹಿಸುತ್ತದೆ."

ಒಂದೊಂದು ಶಬ್ದವೂ ಬೇರೆ, ಆದರೆ ವಾಕ್ಯ ಅದೇ. ಆನಂದವರ್ಧನ ಹೇಳಿದ ಚಿತ್ರದ ಹಾಗೆ. ಇದು ಕೃತಿಚೌರ್ಯವೇ. ಕೊನೆಯಲ್ಲಿ ಪುಸ್ತಕದ ಹೆಸರು ಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ, ಯಾಕೆಂದರೆ ವಾಕ್ಯ ಕಟ್ಟಿದ್ದು ತಾನೇ ಅಂತ ತೋರಿಸಿಕೊಂಡಂತಾಯಿತು. ಸರಿಯಾಗಿ ಬರೆದರೆ ಹೀಗಿರಬಹುದು: "ದೇವರ ಹೆಸರೇ ಕವಿಯ ವಿಳಾಸವೂ ಹೌದು ಎಂದು ಇಂಥ ಲೇಖಕರು ಇಂಥ ಪುಟದಲ್ಲಿ ಹೇಳುತ್ತಾರೆ. ಆದರೆ ಹಾಡುವವರು ಕೊನೆಯ ಚರಣ ಬಿಟ್ಟುಬಿಟ್ಟರೆ ಈ ವಿಳಾಸವೇ ಕಳೆದುಹೋಗುತ್ತದೆ." ಇಲ್ಲಿ ಅವರ ಮಾತು ಯಾವುದು, ತನ್ನ ಮಾತು ಯಾವುದು ಅಂತ ಎರಡೂ ಕಾಣಿಸುತ್ತವೆ. ವಿದ್ಯಾರ್ಥಿ ಒಂದು ಹೆಜ್ಜೆ ತಾನಾಗಿಯೇ ಮುಂದಿಟ್ಟಿದ್ದಾನೆ.

ಇದಕ್ಕೆ ಅಭ್ಯಾಸ ಸುಲಭ. ಓದಿ, ಪುಸ್ತಕ ಮುಚ್ಚಿಡಿ. ಅರ್ಥವಾದದ್ದನ್ನು ಮನೆಯವರಿಗೆ ಹೇಳುವ ಹಾಗೆ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಹೋಲಿಸಿ. ಪುಸ್ತಕ ಮುಚ್ಚಿದರೆ ಬರೆಯುವುದಕ್ಕೇ ಬರುವುದಿಲ್ಲ ಅಂದರೆ ಇನ್ನೂ ಅರ್ಥ ಆಗಿಲ್ಲ ಅಂತ. ಇನ್ನೂ ಕೆಲವು ವಿಷಯ:

- ಟಿಪ್ಪಣಿ ಮಾಡಿಕೊಳ್ಳುವಾಗಲೇ ಇಳಿಸಿಕೊಂಡ ಸಾಲಿಗೆ ಉದ್ಧರಣ ಚಿಹ್ನೆ ಹಾಕಿ, ಪುಟಸಂಖ್ಯೆ ಬರೆದಿಡಿ. ಎರಡು ತಿಂಗಳಾದ ಮೇಲೆ ಯಾವುದು ಪುಸ್ತಕದ್ದು, ಯಾವುದು ತನ್ನದು ಅಂತ ಯಾರಿಗೂ ನೆನಪಿರುವುದಿಲ್ಲ. ಅರ್ಧಕ್ಕರ್ಧ ತಪ್ಪು ಹುಟ್ಟುವುದು ಇಲ್ಲೇ.
- ಸ್ವಂತ ಮಾತಿನಲ್ಲಿ ಬರೆದರೂ ವಿಚಾರ ಬೇರೆಯವರದ್ದಾದರೆ ಹೆಸರು ಹೇಳಲೇಬೇಕು. ಅರ್ಥಹರಣವೂ ಹರಣವೇ.
- ಎಲ್ಲರಿಗೂ ಗೊತ್ತಿರುವುದಕ್ಕೆ ಆಕರ ಬೇಡ. ಮಾಯಾಮಾಳವಗೌಳ 15ನೇ ಮೇಳಕರ್ತ ಅನ್ನುವುದಕ್ಕೆ ಯಾರ ಹೆಸರೂ ಬೇಕಿಲ್ಲ. ಆದರೆ ಆ ರಾಗದ ಬಗ್ಗೆ ಒಬ್ಬ ವಿದ್ವಾಂಸರು ಮಾಡಿದ ವಿಶ್ಲೇಷಣೆಗೆ ಬೇಕು. ಅನುಮಾನ ಬಂದರೆ ಹೆಸರು ಹಾಕಿಬಿಡಿ.
- ಒಂದು ಪುಸ್ತಕದಲ್ಲಿ ಇನ್ನೊಂದು ಗ್ರಂಥದ ಮಾತು ಓದಿದ್ದರೆ, ಮೂಲ ಗ್ರಂಥವನ್ನೇ ಓದಿದ ಹಾಗೆ ತೋರಿಸಿಕೊಳ್ಳಬೇಡಿ. ಎಲ್ಲಿ ಓದಿದಿರೋ ಅದನ್ನೇ ಹೇಳಿ.
- ಒಂದೇ ಪ್ರಬಂಧವನ್ನು ಎರಡು ತರಗತಿಗೆ ಕೊಡುವುದಾದರೆ ಮೊದಲೇ ಅಧ್ಯಾಪಕರ ಒಪ್ಪಿಗೆ ಕೇಳಿ. ಸ್ವಂತದ್ದಾದರೂ ಹೊಸದು ಅಂತ ನಂಬಿಸುವುದು ತಪ್ಪು.
- ದುಡ್ಡು ಕೊಟ್ಟು ಬರೆಸುವುದು, ಕಂಪ್ಯೂಟರಿಗೆ ಹೇಳಿ ಬರೆಸಿ ತನ್ನದೆಂದು ಕೊಡುವುದು, ಎರಡೂ ಒಂದೇ. ಎಐ ಎಷ್ಟರ ಮಟ್ಟಿಗೆ ಬಳಸಬಹುದು ಅಂತ ಆಯಾ ತರಗತಿಯ ನಿಯಮ ಕೇಳಿ ತಿಳಿದುಕೊಳ್ಳಿ, ಬಳಸಿದ್ದರೆ ಬಳಸಿದ್ದೇನೆ ಅಂತ ಬರೆಯಿರಿ.

ಭಾರತದಲ್ಲಿ ಪಿಎಚ್‌ಡಿ ಮಾಡುತ್ತಿರುವ ಅಣ್ಣ ತಮ್ಮ, ಅಕ್ಕ ತಂಗಿಯರೂ ಇದನ್ನು ಓದುತ್ತೀರಿ. ಯುಜಿಸಿ 2018ರಲ್ಲಿ ಇದಕ್ಕೆಂದೇ ನಿಯಮಾವಳಿ ತಂದಿದೆ. ಅದರ ಪ್ರಕಾರ ಹೋಲಿಕೆ ಶೇಕಡಾ 10ರ ತನಕ ಇದ್ದರೆ ದಂಡನೆ ಇಲ್ಲ. ಪ್ರಬಂಧದಲ್ಲಿ 10ರಿಂದ 40ರ ತನಕ ಇದ್ದರೆ 6 ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60ರ ತನಕ ಇದ್ದರೆ ಒಂದು ವರ್ಷ ಪ್ರಬಂಧ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಹೆಸರು ಹೇಳಿ ಉದ್ಧರಿಸಿದ್ದು ಮತ್ತು ಆಕರಗಳ ಪಟ್ಟಿ ಈ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಈ ಶೇಕಡಾವಾರು ಲೆಕ್ಕ ನೋಡಿ ಮೈಮರೆಯಬಾರದು. ಟರ್ನಿಟಿನ್‌ನಂಥ ಸಾಫ್ಟ್‌ವೇರ್ ತೋರಿಸುವುದು ಹೋಲಿಕೆಯನ್ನು, ಕಳ್ಳತನವನ್ನಲ್ಲ. ಉದ್ಧರಣ ಚಿಹ್ನೆ ಹಾಕಿದ ಸಾಲನ್ನೂ ಅದು ಬಣ್ಣ ಹಚ್ಚಿ ತೋರಿಸಬಹುದು. ಇನ್ನೊಂದು ಭಾಷೆಯಿಂದ ಕದ್ದು ಅನುವಾದ ಮಾಡಿದ್ದು ಅದರ ಕಣ್ಣಿಗೆ ಬೀಳದೇ ಹೋಗಬಹುದು. ಶ್ರುತಿಪೆಟ್ಟಿಗೆ ಇದ್ದರಷ್ಟೇ ಸಾಲದು, ಹಾಡುವವರ ಕಿವಿಯಲ್ಲಿ ಶ್ರುತಿ ಇರಬೇಕು. ಶೇಕಡಾ 9 ಬಂದಿದೆ ಅಂತ ಒಂಬತ್ತು ಪಾಲು ಕದಿಯುವುದಕ್ಕೆ ಅನುಮತಿ ಸಿಕ್ಕ ಹಾಗೆ ಅಲ್ಲ.

ದಂಡನೆ ಮತ್ತು ದಯೆ

ಇಷ್ಟೆಲ್ಲ ಹೇಳಿದ ಮೇಲೂ ಆ ಹುಡುಗಿಯನ್ನು ಕಳ್ಳಿ ಅಂತ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಗೊತ್ತಿದ್ದೂ ಮೋಸ ಮಾಡುವವರು ಬೇರೆ, ರೀತಿ ಗೊತ್ತಿಲ್ಲದೆ ತಪ್ಪುವವರು ಬೇರೆ. ಕರ್ಮದಲ್ಲಿ ಸಂಕಲ್ಪಕ್ಕೆ ತೂಕ ಇದೆ. ಕಲಿಸುವವರು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೆ ಸಂಕಲ್ಪ ಒಳ್ಳೆಯದಿತ್ತು ಅಂತ ಆದ ಕೆಲಸ ಆಗದೇ ಹೋಗುವುದಿಲ್ಲ. ಒಬ್ಬರ ಮಾತು ಅವರ ಹೆಸರಿಲ್ಲದೆ ಹೋಯಿತಲ್ಲ, ಅದನ್ನು ಸರಿಪಡಿಸಬೇಕು. ಅದಕ್ಕೇ ತಾಯಿಗೆ ನಾನು ಹೇಳಿದ್ದು: ಕಾಲೇಜಿನ ಮೇಲೆ ಕೋಪ ಮಾಡಿಕೊಳ್ಳಬೇಡಿ, ಮಗಳನ್ನೂ ಬಯ್ಯಬೇಡಿ, ಅದೇ ಪ್ರಬಂಧವನ್ನು ಅಂಕ ಬರದಿದ್ದರೂ ಮತ್ತೊಮ್ಮೆ ಸರಿಯಾಗಿ ಬರೆಯಲಿ. ಅವಳು ಬರೆದಳು. ಈ ಸಲ ಪ್ರಬಂಧ ಮೊದಲಿಗಿಂತ ಚಿಕ್ಕದಾಗಿತ್ತು, ಭಾಷೆ ಅಷ್ಟು ನಯವಾಗಿರಲಿಲ್ಲ. ಆದರೆ ಒಂದು ಕಡೆ "ಈ ಮಾತನ್ನು ನಾನು ಒಪ್ಪುವುದಿಲ್ಲ" ಅಂತ ಒಬ್ಬ ದೊಡ್ಡ ಲೇಖಕರ ಹೆಸರು ಹೇಳಿ ಬರೆದಿದ್ದಳು. ಕದ್ದ ಮಾತಿನ ಜೊತೆ ಜಗಳ ಆಡುವುದಕ್ಕೆ ಆಗುವುದಿಲ್ಲ. ಹೆಸರು ಹೇಳಿ ಪಡೆದ ಮಾತಿನ ಜೊತೆ ಆಗುತ್ತದೆ. ನಮ್ಮ ಶಾಸ್ತ್ರಗಳಲ್ಲಿ ಪೂರ್ವಪಕ್ಷ ಹೇಳಿ ಸಿದ್ಧಾಂತಕ್ಕೆ ಬರುವುದೂ ಹೀಗೆಯೇ.

ಇನ್ನು ದೊಡ್ಡವರಾದ ನಮ್ಮ ಪಾಲು. ಮಕ್ಕಳಿಗೆ ಉಪದೇಶ ಮಾಡುವ ಮೊದಲು ನಮ್ಮ ಭಜನೆಯಲ್ಲಿ ಇದನ್ನು ಆಚರಣೆಗೆ ತರೋಣ. ಹಾಡು ಶುರು ಮಾಡುವ ಮೊದಲು ಯಾವ ದಾಸರದ್ದು ಅಂತ ಹೇಳೋಣ. ಎಷ್ಟೇ ಅವಸರ ಇದ್ದರೂ ಅಂಕಿತದ ಚರಣ ಬಿಡುವುದು ಬೇಡ. ಪುರಂದರದಾಸರ ಬಹುಪಾಲು ಪದಗಳ ಮೂಲ ಧಾಟಿ ನಮಗೆ ಉಳಿದಿಲ್ಲ, ಇವತ್ತು ನಾವು ಹಾಡುವ ಮಟ್ಟುಗಳು ಹೆಚ್ಚಾಗಿ ಆಮೇಲಿನ ವಿದ್ವಾಂಸರು ಕೂರಿಸಿದವು. ಗೊತ್ತಿದ್ದರೆ ಅವರ ಹೆಸರನ್ನೂ ಹೇಳೋಣ. ವಾಟ್ಸಾಪಿನಲ್ಲಿ ಅರ್ಥವಿವರಣೆ ಕಳಿಸುವಾಗ ಬರೆದವರ ಹೆಸರನ್ನು ಕತ್ತರಿಸದೆ ಕಳಿಸೋಣ. ಇದನ್ನು ನೋಡುತ್ತಾ ಬೆಳೆದ ಮಗುವಿಗೆ ಕಾಲೇಜಿನಲ್ಲಿ ಅಡಿಟಿಪ್ಪಣಿ ಹಾಕುವುದು ಭಾರ ಅನ್ನಿಸುವುದಿಲ್ಲ.

ಋಣ ತೀರಿಸುವುದಕ್ಕೆ ಕೆಲವು ಸಲ ದೊಡ್ಡ ಯಜ್ಞವೇ ಬೇಕು. ಈ ಋಣಕ್ಕೆ ಒಂದು ಹೆಸರು ಹೇಳಿದರೆ ಸಾಕು.

|| ಶ್ರೀಕೃಷ್ಣಾರ್ಪಣಮಸ್ತು ||